ಏಳು ದೇವಾಲಯಗಳ ಹಾದಿಯಲ್ಲಿ ಸಂತ ಫಿಲಿಪ್ ನೇರಿ

ಕ್ರೈಸ್ತ ಜೀವನವೇ ಒಂದು ಯಾತ್ರೆಯೆಂದು ಧರ್ಮಸಭೆಯು ಬೋಧಿಸುತ್ತ ಬಂದಿದೆ. ಆ ಯಾತ್ರೆಯನ್ನು ಒಬ್ಬಂಟಿಯಾಗಿ ಸಾಗಿಸುವುದಕ್ಕೂ ನಾಲ್ಕು ಜನರೊಡಗೂಡಿ ಸಾಗಿಸುವುದಕ್ಕೂ ಇರುವ ಅಂತರವನ್ನು ತಮ್ಮ ಬಾಳಿನಲ್ಲಿಯೇ ಕಂಡುಕೊಂಡು, ಅದನ್ನು ಒಂದು ಮಹಾನಗರಕ್ಕೆ ತೋರಿಸಿಕೊಟ್ಟ ಪುಣ್ಯಪುರುಷರು ಸಂತ ಫಿಲಿಪ್ ನೇರಿಯವರು. ರೋಮ್ ನಗರದ ಪ್ರೇಷಿತರೆಂದೂ ಆನಂದದ ಸಂತರೆಂದೂ ಪ್ರಖ್ಯಾತರಾದ ಇವರ ಹಬ್ಬವನ್ನು ಪ್ರತಿವರ್ಷ ಮೇ 26ರಂದು ಆಚರಿಸಲಾಗುತ್ತದೆ.

ಫಿಲಿಪರು ಜನಿಸಿದ್ದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, 1515ರ ಜುಲೈ 21ರಂದು. ತಂದೆ ಫ್ರಾನ್ಸೆಸ್ಕೊ ನೇರಿಯವರದು ನೋಟರಿ ವೃತ್ತಿ. ಹದಿನೆಂಟರ ಪ್ರಾಯದ ಸುಮಾರಿಗೆ, ಮೊಂಟೆ ಕಸಿನೊ ಮಠದ ತಪ್ಪಲಿನ ಸಾನ್ ಜರ್ಮಾನೊ ಎಂಬ ಊರಿನಲ್ಲಿ ವ್ಯಾಪಾರಿಯಾಗಿದ್ದ ಬಂಧುವೊಬ್ಬರ ಬಳಿಗೆ ಅವರನ್ನು ಕಳುಹಿಸಲಾಯಿತು. ಆ ವ್ಯಾಪಾರಕ್ಕೂ ಆಸ್ತಿಗೂ ಅವರೇ ಉತ್ತರಾಧಿಕಾರಿಯಾಗುವ ಸಂಭವವಿತ್ತು. ಆದರೆ ಅವರ ಮನಸ್ಸು ಲೆಕ್ಕಪತ್ರಗಳಲ್ಲಿ ನಿಲ್ಲಲಿಲ್ಲ. ಎಲ್ಲವನ್ನೂ ತೊರೆದು ಬರಿಗೈಯಲ್ಲಿ ರೋಮಿಗೆ ಬಂದರು.

1527ರಲ್ಲಿ ಸೈನಿಕರ ಲೂಟಿಗೆ ಸಿಕ್ಕಿ ಜರ್ಜರಿತವಾಗಿದ್ದ ರೋಮ್ ಆಗ ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಭಕ್ತಿ ಬತ್ತಿ, ಭೋಗ ಬೆಳೆದಿದ್ದ ಕಾಲವದು. ಫಿಲಿಪರು ಫ್ಲಾರೆನ್ಸಿನವರೇ ಆದ ಗಲಿಯೊಟ್ಟೊ ಕಾಚಿಯ ಎಂಬವರ ಮನೆಯಲ್ಲಿ ಆಶ್ರಯ ಪಡೆದು, ಅವರ ಇಬ್ಬರು ಗಂಡುಮಕ್ಕಳಿಗೆ ಪಾಠ ಹೇಳುತ್ತ, ಅತ್ಯಂತ ಸರಳವಾದ ಬದುಕನ್ನು ನಡೆಸಿದರು. ಹಗಲು ಓದು, ರೋಗಿಗಳ ಸೇವೆ. ರಾತ್ರಿಯಾದೊಡನೆ ಏಕಾಂಗಿಯಾಗಿ ರೋಮಿನ ಪುರಾತನ ದೇವಾಲಯಗಳತ್ತ ಪಯಣ. ನಗರದ ಹೊರವಲಯದಲ್ಲಿ ಸಂತ ಸೆಬಾಸ್ಟಿಯನ್ನರ ದೇವಾಲಯದ ಬಳಿ, ಆದಿ ಕ್ರೈಸ್ತರ ಸಮಾಧಿಗಳಿರುವ ನೆಲದಡಿಯ ಗುಹೆಗಳಲ್ಲಿ ಗಂಟೆಗಟ್ಟಲೆ ಧ್ಯಾನಮಗ್ನರಾಗಿರುತ್ತಿದ್ದರು. 1544ರ ಪೆಂತೆಕೋಸ್ತ್ ಹಬ್ಬದ ಸಮಯದಲ್ಲಿ ಅಲ್ಲಿಯೇ ಪವಿತ್ರಾತ್ಮರ ಅನುಗ್ರಹವು ಬೆಂಕಿಯ ಉಂಡೆಯಂತೆ ತಮ್ಮ ಹೃದಯವನ್ನು ಹೊಕ್ಕ ಅನುಭವ ಅವರಿಗಾಯಿತೆಂದು ಅವರ ಚರಿತ್ರೆಕಾರರು ಬರೆದಿದ್ದಾರೆ.

ಇಷ್ಟು ಗಾಢವಾದ ಅನುಭವವನ್ನು ಪಡೆದವರು ಕಾಡನ್ನೋ ಮಠವನ್ನೋ ಸೇರಬಹುದಾಗಿತ್ತು. ಫಿಲಿಪರು ಬೀದಿಗೆ ಬಂದರು. ಅಂಗಡಿಗಳ ಮುಂದೆ, ಚೌಕಗಳಲ್ಲಿ ಯುವಕರನ್ನು ಕಂಡು ನಗುನಗುತ್ತ ಮಾತನಾಡಿಸಿ, ಅವರನ್ನು ದೇವರ ಕಡೆಗೆ ಸೆಳೆಯುತ್ತಿದ್ದರು. 1548ರಲ್ಲಿ, ಇನ್ನೂ ಶ್ರೀಸಾಮಾನ್ಯರಾಗಿದ್ದಾಗಲೇ, ತಮ್ಮ ಪಾಪನಿವೇದನೆಯ ಗುರುಗಳಾದ ಪೆರ್ಸಿಯಾನೊ ರೋಸ ಅವರೊಂದಿಗೆ ಪರಮ ತ್ರಿತ್ವದ ಹೆಸರಿನಲ್ಲಿ ಒಂದು ಸೇವಾಸಂಘವನ್ನು ಸ್ಥಾಪಿಸಿದರು. 1550ರ ಜ್ಯೂಬಿಲಿ ವರ್ಷದಲ್ಲಿ ದೂರದೂರುಗಳಿಂದ ಕಾಲ್ನಡಿಗೆಯಲ್ಲಿ ಬಂದ ಬಡ ಯಾತ್ರಿಕರನ್ನು ಬರಮಾಡಿಕೊಂಡು, ಅವರ ಕಾಲು ತೊಳೆದು, ಊಟ ಬಡಿಸಿ, ಹಾಸಿಗೆ ಹಾಸಿಕೊಟ್ಟವರು ಈ ಸಂಘದ ಸದಸ್ಯರು. ಯಾತ್ರೆಯ ಪುಣ್ಯವು ನಡೆಯುವವನಿಗೆ ಮಾತ್ರವಲ್ಲ, ನಡೆದು ಬಂದವನ ಸೇವೆ ಮಾಡುವವನಿಗೂ ದೊರೆಯುತ್ತದೆಂಬುದನ್ನು ಅವರು ಅಲ್ಲಿ ಕಲಿತರು.

1551ರ ಮೇ 23ರಂದು ಫಿಲಿಪರಿಗೆ ಗುರುದೀಕ್ಷೆಯಾಯಿತು. ಪಾಪನಿವೇದನೆಗೆ ಅವರಲ್ಲಿಗೆ ಬರುತ್ತಿದ್ದವರು ದಿನದಿನಕ್ಕೆ ಹೆಚ್ಚಿದರು. ಭಾರತದಿಂದ ಬರುತ್ತಿದ್ದ ಸಂತ ಫ್ರಾನ್ಸಿಸ್ ಝೇವಿಯರರ ಪತ್ರಗಳನ್ನು ಓದಿ, 1557ರ ಸುಮಾರಿಗೆ ತಾವೂ ಸುಮಾರು ಇಪ್ಪತ್ತು ಸಂಗಡಿಗರೊಂದಿಗೆ ಭಾರತಕ್ಕೆ ಹೊರಡಲು ಮನಸ್ಸು ಮಾಡಿದ್ದರು. ಆದರೆ ಅವರ ಭಾರತವು ರೋಮ್ ನಗರವೇ ಎಂದು ಸಿಸ್ಟರ್ಸಿಯನ್ ಸಭೆಯ ಸನ್ಯಾಸಿಯೊಬ್ಬರು ತಿಳಿಹೇಳಿದಾಗ, ವಿನಯದಿಂದ ಆ ಮಾತಿಗೆ ತಲೆಬಾಗಿದರು.

ರೋಮಿನಲ್ಲಿ ತಪಸ್ಸುಕಾಲಕ್ಕೆ ಮುಂಚಿನ ಕಾರ್ನಿವಲ್ ದಿನಗಳೆಂದರೆ ಕುಡಿತ, ಕುಣಿತ, ವೇಷ, ಜಗಳಗಳ ದಿನಗಳು. ಯುವಕರನ್ನು ಅದರಿಂದ ಬರಿಯ ಉಪದೇಶದಿಂದ ತಡೆಯಲಾಗದೆಂದು ಫಿಲಿಪರು ಬಲ್ಲರು. ತಾವು ಒಬ್ಬರೇ ರಾತ್ರಿಯಲ್ಲಿ ನಡೆದಿದ್ದ ಹಾದಿಯಲ್ಲಿ ಈಗ ಅವರನ್ನು ಹಗಲಿನಲ್ಲಿ ಕರೆದೊಯ್ದರು. ಸಂತ ಪೇತ್ರರ, ಸಂತ ಪೌಲರ, ಸಂತ ಸೆಬಾಸ್ಟಿಯನ್ನರ, ಲ್ಯಾಟರನ್ನಿನ ಸಂತ ಯೊವಾನ್ನರ, ಪವಿತ್ರ ಶಿಲುಬೆಯ, ಸಂತ ಲಾರೆನ್ಸರ ಹಾಗೂ ಮಾತೆ ಮರಿಯಮ್ಮನವರ ಮಹಾದೇವಾಲಯ, ಹೀಗೆ ಏಳು ದೇವಾಲಯಗಳು; 20 ಕಿಲೋಮೀಟರಿಗೂ ಮಿಕ್ಕಿದ ನಡಿಗೆ. ಆರಂಭದಲ್ಲಿ ಇಪ್ಪತ್ತೈದು ಮೂವತ್ತು ಮಂದಿಯಿದ್ದ ತಂಡವು ಮುಂದೆ ಎರಡು ಸಾವಿರದವರೆಗೆ ಬೆಳೆಯಿತು. ಅಂದಿನ ರೂಢಿಯಂತೆ ಗಂಡಸರಿಗೆ ಮಾತ್ರ ಅದರಲ್ಲಿ ಅವಕಾಶವಿತ್ತು.

ಹಾದಿಯಲ್ಲಿ ಸ್ವಲ್ಪ ಹೊತ್ತು ಮೌನಧ್ಯಾನ, ಸ್ವಲ್ಪ ಹೊತ್ತು ಸ್ತುತಿಗೀತೆ, ಮನವಿಮಾಲೆ. ಏಳು ಮೂಲ ಪಾಪಗಳಿಂದ ಬಿಡುಗಡೆಯನ್ನೂ ಪವಿತ್ರಾತ್ಮರ ಏಳು ವರಗಳನ್ನೂ ಬೇಡಿಕೊಳ್ಳುತ್ತ ನಡೆಯುತ್ತಿದ್ದರು. ಪಾಪನಿವೇದನೆ ಮಾಡಿ ಬಂದಿದ್ದವರು ಬಲಿಪೂಜೆಯಲ್ಲಿ ಪರಮಪ್ರಸಾದವನ್ನು ಸ್ವೀಕರಿಸುತ್ತಿದ್ದರು. ಮಧ್ಯಾಹ್ನ ಮತ್ತೇಯಿ ಮನೆತನದ ತೋಟದಲ್ಲಿ ಎಲ್ಲರೂ ಹುಲ್ಲಿನ ಮೇಲೆ ಕುಳಿತು ರೊಟ್ಟಿ, ಮೊಟ್ಟೆ, ಚೀಸ್, ಹಣ್ಣುಗಳನ್ನು ಹಂಚಿಕೊಂಡು ಉಣ್ಣುತ್ತಿದ್ದರು, ಗಾಯನವೂ ನಡೆಯುತ್ತಿತ್ತು. ಶ್ರೀಮಂತನ ಪಕ್ಕದಲ್ಲಿ ಚಮ್ಮಾರ, ಪಂಡಿತನ ಪಕ್ಕದಲ್ಲಿ ಕೂಲಿಕಾರ. ದಣಿವಿನಲ್ಲಿ ಎಲ್ಲರ ಕಾಲೂ ಒಂದೇ ತೆರನಾಗಿ ನೋಯುತ್ತದೆಯಲ್ಲವೇ? ಒಬ್ಬಂಟಿ ಯಾತ್ರಿಕನಿಗೆ ಸುಲಭವಾಗಿ ಲಭಿಸದ ತಾಳ್ಮೆ, ಸಮಾನತೆ, ಪರರ ಹೊರೆಯನ್ನು ಹೊರುವ ಮನಸ್ಸು ಅಲ್ಲಿ ತಾವಾಗಿ ಮೂಡುತ್ತಿದ್ದವು.

ಒಳ್ಳೆಯ ಕಾರ್ಯಕ್ಕೆ ಪರೀಕ್ಷೆಯೂ ಬಂದಿತು. ಫಿಲಿಪರು ಜನರನ್ನು ಗುಂಪು ಸೇರಿಸಿ ಹೊಸ ಪಂಥ ಕಟ್ಟುತ್ತಿದ್ದಾರೆಂದು ಕೆಲವರು ದೂರಿದರು. 1559ರಲ್ಲಿ ರೋಮಿನ ಕಾರ್ಡಿನಲ್ ವಿಕಾರರು ಅವರನ್ನು ಕರೆಸಿ ಕಠಿಣವಾಗಿ ಗದರಿಸಿ, ಎರಡು ವಾರ ಪಾಪನಿವೇದನೆ ಕೇಳಬಾರದೆಂದೂ ಅಪ್ಪಣೆಯಿಲ್ಲದೆ ಯಾತ್ರೆ ನಡೆಸಬಾರದೆಂದೂ ಆಜ್ಞಾಪಿಸಿದರು. ಇಡೀ ನಗರದ ಮುಂದೆ ಅವಮಾನ. ಶಿಷ್ಯರು ಕುದಿದರೂ ಫಿಲಿಪರು ಎದುರಾಡಲಿಲ್ಲ. ತಮ್ಮನ್ನು ಹಿಂಬಾಲಿಸದಂತೆ ಶಿಷ್ಯರಿಗೇ ಹೇಳಿ, ಪ್ರಾರ್ಥನೆಯಲ್ಲಿ ಕಾದರು. ಕೆಲವೇ ದಿನಗಳಲ್ಲಿ ಆ ಕಾರ್ಡಿನಲರು ನಿಧನರಾದರು. ಸತ್ಯ ತಿಳಿದ ಜಗದ್ಗುರು 4ನೇ ಪೌಲರು ಯಾತ್ರೆಗೆ ಅನುಮತಿಯಿತ್ತುದಲ್ಲದೆ, ಪ್ರಸನ್ನತೆಯ ಗುರುತಾಗಿ ಫಿಲಿಪರಿಗೆ ಮೇಣದ ಬತ್ತಿಗಳನ್ನು ಕಳುಹಿಸಿಕೊಟ್ಟರು. ಮೌನವಾಗಿ ಸಹಿಸಿದ ಆ ದಿನಗಳೇ ಅವರ ಅತ್ಯಂತ ಕಷ್ಟದ ಯಾತ್ರೆಯಾಗಿದ್ದವೆಂದರೆ ತಪ್ಪಾಗದು.

ಅವರ ಸುತ್ತ ನೆರೆದ ಗುರುಗಳ ಕೂಟವು 'ಒರಟೋರಿಯೊ' ಸಭೆಯಾಗಿ 1575ರಲ್ಲಿ ಜಗದ್ಗುರು 13ನೇ ಗ್ರೆಗೊರಿಯವರ ಮಾನ್ಯತೆ ಪಡೆಯಿತು. 1595ರ ಮೇ 26ರಂದು, ಎಂಬತ್ತರ ಹೊಸ್ತಿಲಲ್ಲಿ, ಫಿಲಿಪರು ದೈವಾಧೀನರಾದರು. 1622ರಲ್ಲಿ ಅವರಿಗೆ ಸಂತ ಪದವಿ ಲಭಿಸಿದಾಗ, ಯಾರ ಪತ್ರಗಳನ್ನು ಓದಿ ಅವರು ಭಾರತಕ್ಕೆ ಹಂಬಲಿಸಿದ್ದರೋ ಆ ಝೇವಿಯರರಿಗೂ ಅದೇ ದಿನ ಅದೇ ಗೌರವ ಸಂದಿತು. ಫಿಲಿಪರು ಬಾರದಿದ್ದರೂ ಅವರ ಚೈತನ್ಯ ನಮ್ಮ ನಾಡಿಗೆ ಬಂದಿತು. 1681ರಿಂದ 1684ರವರೆಗೆ ಕೆನರಾ ಸೀಮೆಯ ಕ್ರೈಸ್ತರ ಸೇವೆ ಮಾಡಿದ ಸಂತ ಜೋಸೆಫ್ ವಾಜರು ಗೋವೆಗೆ ಮರಳಿ 1685ರಲ್ಲಿ ಸೇರಿದ ಗುರುಗಳ ಕೂಟವು ಸ್ವೀಕರಿಸಿದ್ದು ಫಿಲಿಪರ ಒರಟೋರಿಯೊ ನಿಯಮಗಳನ್ನೇ.

ಏಳು ದೇವಾಲಯಗಳ ಯಾತ್ರೆಯು ರೋಮಿನಲ್ಲಿ ನಿಂತುಹೋಗಲಿಲ್ಲ; 2025ರ ಜ್ಯೂಬಿಲಿ ವರ್ಷದಲ್ಲಿಯೂ ಯಾತ್ರಿಕರು ಆ ಹಾದಿಯಲ್ಲಿ ನಡೆದರು. ನಮ್ಮ ಧರ್ಮಕೇಂದ್ರಗಳಿಂದಲೂ ವೇಳಾಂಗಣ್ಣಿಗೆ, ಅತ್ತೂರಿಗೆ, ಡೋರನಹಳ್ಳಿಗೆ ತಂಡಗಳು ಹೊರಡುತ್ತವೆ. ಹೊರಡುವ ಮುನ್ನ ಪಾಪನಿವೇದನೆ, ದಾರಿಯಲ್ಲಿ ಜಪ, ಬುತ್ತಿಯಲ್ಲಿ ಪಕ್ಕದವರಿಗೂ ಒಂದು ಪಾಲು, ನಡೆಯಲಾರದ ವೃದ್ಧರಿಗೆ ಒಂದು ಆಸರೆಯ ಕೈ, ತಡವಾದಾಗ ಗೊಣಗದ ನಾಲಗೆ: ಇಷ್ಟಿದ್ದರೆ ನಮ್ಮ ಯಾತ್ರೆಯೂ ಫಿಲಿಪರ ಯಾತ್ರೆಯೇ ಆಗುತ್ತದೆ. ಕ್ಷೇತ್ರದಿಂದ ತರುವ ಮೇಣದ ಬತ್ತಿ, ಎಣ್ಣೆಗಳೊಂದಿಗೆ ಆ ಆನಂದವನ್ನೂ ಮನೆಗೆ ತಂದು ನೆರೆಹೊರೆಯವರೊಡನೆ ಹಂಚಿಕೊಳ್ಳುವ ವರವನ್ನು ಸಂತ ಫಿಲಿಪ್ ನೇರಿಯವರು ನಮ್ಮ ಕುಟುಂಬಗಳಿಗೆ ಬೇಡಿಕೊಡಲಿ.