ದಾನಚಿಂತಾಮಣಿ ಅತ್ತಿಮಬ್ಬೆ

ಧರ್ಮ, ಸಂಸಾರ, ವ್ಯವಹಾರ ಮೂರನ್ನೂ ಸರಿದೂಗಿಸಿದ ಶ್ರಾವಕಿಯರಲ್ಲಿ ಅತ್ತಿಮಬ್ಬೆಯು ಅಗ್ರಗಣ್ಯಳು. ಚಾಲುಕ್ಯರ ಕಾಲದ ಮಲ್ಲಪಯ್ಯನ ಪುತ್ರಿಯಾದ ಈಕೆಯೂ ತಂಗಿ ಗುಂಡಮಬ್ಬೆಯೂ ನಾಗದೇವನನ್ನು ವರಿಸಿದ್ದರು. ಪತಿಯು ಮರಣಹೊಂದಲು ತಂಗಿಯು ಸಹಗಮನಗೈದಳು. ಅತ್ತಿಮಬ್ಬೆಯು ಎಳೆಯ ಮಗ ಅಣ್ಣಿಗದೇವನಿಗಾಗಿ ಬದುಕುಳಿದು, ವ್ರತನಿಷ್ಠೆಯಿಂದ ಅವನನ್ನು ಬೆಳೆಸಿದಳು.

ತಂದೆಯೂ ಆತನ ಸೋದರ ಪುನ್ನಮಯ್ಯನೂ ಪೊನ್ನಕವಿಯಿಂದ ಬರೆಯಿಸಿದ್ದ ಶಾಂತಿಪುರಾಣವು ಅಳಿಯಬಾರದೆಂದು ಅದರ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಕೂಟವಿಲ್ಲದ ಆ ಕಾಲದಲ್ಲಿ ಓಲೆಗರಿ ಕೂಡಿಸಿ, ಲಿಪಿಕಾರರನ್ನು ನೇಮಿಸಿ, ಗರಿಗರಿಯನ್ನೂ ಕಂಟದಿಂದ ಬರೆಯಿಸುವುದಕ್ಕೆ ಧನದೊಡನೆ ಅಪಾರ ವ್ಯವಹಾರಜ್ಞಾನವೂ ಬೇಕಾಗಿತ್ತು. ಕ್ರಿ.ಶ. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ರಚಿಸಿಸಿದಳು. 1007ರಲ್ಲಿ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು.

ಅದೇ ಶತಮಾನದಲ್ಲಿ ಕೊಡಗಿನ ಮುಳ್ಳೂರಿನಲ್ಲಿ ಕೊಂಗಾಳ್ವ ರಾಜಮಾತೆ ಪೋಚಬ್ಬರಸಿಯೂ ಬಸದಿಯನ್ನು ಕಟ್ಟಿಸಿದಳು. ಗಳಿಸಿದ ಸಿರಿಯು ಧರ್ಮಕ್ಕೆ ಸಂದರೆ ಸಾವಿರ ವರ್ಷವಾದರೂ ಹೆಸರು ಮಾಸದೆಂಬುದಕ್ಕೆ ಈ ಮಾತೆಯರೇ ಸಾಕ್ಷಿ.