ಶಾಸಕ ಸ್ಥಾನ ತೊರೆದು ನಾಡು ಕೇಳಿದ ದೊಡ್ಡಮೇಟಿ

ಧಾರವಾಡ ಜಿಲ್ಲೆಯಿಂದ ಆರಿಸಿ ಬಂದ ಶಾಸಕರು 1956ರವರೆಗೆ ಸದನದಲ್ಲಿ ಮಾತನಾಡಲು ಮುಂಬಯಿಗೆ ಹೋಗಬೇಕಿತ್ತು. 1952ರ ಚುನಾವಣೆಯ ನಂತರ ಅಲ್ಲಿನ ವಿಧಾನಸಭೆಯ ಬಲ 315. ಮರಾಠಿ, ಗುಜರಾತಿ ಸದಸ್ಯರದೇ ಬಹುಮತವಿದ್ದ ಆ ಸಭೆಯಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಸೀಮೆಯ ಕನ್ನಡಿಗರ ದನಿ ಕ್ಷೀಣವಾಗಿತ್ತು. ಈ ಜಿಲ್ಲೆಗಳನ್ನು ಮುಂಬಯಿಯಿಂದ ಬಿಡಿಸಿ ಕನ್ನಡ ನಾಡಿಗೆ ಸೇರಿಸಬೇಕೆಂದು ಪಟ್ಟು ಹಿಡಿದವರಲ್ಲಿ ಅಂದಾನಪ್ಪ ದೊಡ್ಡಮೇಟಿ ಅಗ್ರಗಣ್ಯರು.

1908ರಲ್ಲಿ ಅವರು ಜನಿಸಿದ ಜಕ್ಕಲಿ ಅಂದು ಧಾರವಾಡ ಜಿಲ್ಲೆಯ ರೋಣ ತಾಲೂಕಿಗೆ ಸೇರಿತ್ತು; 1997ರಲ್ಲಿ ಗದಗ ಜಿಲ್ಲೆಯ ಪಾಲಾಯಿತು. ಗಾಂಧಿ ಮಾರ್ಗ ಹಿಡಿದು ಸೆರೆವಾಸ ಕಂಡರು. ಕನ್ನಡವೆಂಬುದು ಅವರಿಗೆ ರಾಜಕೀಯ ಬೇಡಿಕೆ ಮಾತ್ರವಾಗಿರಲಿಲ್ಲ, ಆರಾಧನೆಯೇ ಆಗಿತ್ತು. ತಾಯಿ ಭುವನೇಶ್ವರಿಯ ಚಿತ್ರವೊಂದನ್ನು ಕಲಾವಿದ ಸಿ.ಎನ್. ಪಾಟೀಲರಿಂದ ಬರೆಸಿ ಪೂಜಿಸಿದರು.

ಪ್ರತ್ಯೇಕ ಕರ್ನಾಟಕ ಪ್ರಾಂತದ ಗೊತ್ತುವಳಿ ಮುಂಬಯಿ ಶಾಸನಸಭೆಯಲ್ಲಿ 1938ರಲ್ಲೇ ಅಂಗೀಕಾರವಾಗಿತ್ತು. ಸ್ವಾತಂತ್ರ್ಯ ಬಂದರೂ ಅದು ಕಾಗದದಲ್ಲೇ ಉಳಿಯಿತು. ಪೊಟ್ಟಿ ಶ್ರೀರಾಮುಲು ಅವರ ಆತ್ಮಾರ್ಪಣೆಯ ಬಳಿಕ ತೆಲುಗರಿಗೆ ಆಂಧ್ರ ದೊರೆಯುವುದು ಖಚಿತವಾಯಿತು. ಆದರೆ 1953ರ ಆರಂಭದಲ್ಲಿ ಹೈದರಾಬಾದಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಕರ್ನಾಟಕದ ಬೇಡಿಕೆಯನ್ನು ಕೈಗೆತ್ತಿಕೊಳ್ಳಲಿಲ್ಲ. ತಮ್ಮದೇ ಪಕ್ಷದ ಈ ಉದಾಸೀನ ದೊಡ್ಡಮೇಟಿಯವರಿಗೆ ಸಹನೆಯಾಗಲಿಲ್ಲ. ವಿಧಾನಸಭೆಯ ಸದಸ್ಯತ್ವಕ್ಕೆ ರಾಜೀನಾಮೆಯಿತ್ತು ಜಕ್ಕಲಿಯಲ್ಲಿ ಉಪವಾಸ ಕುಳಿತರು. ಅಧಿಕಾರದಲ್ಲಿದ್ದ ಪಕ್ಷದ ಶಾಸಕನೊಬ್ಬ ಗೆದ್ದ ಸ್ಥಾನವನ್ನು ಬಿಟ್ಟುಕೊಡುವುದು ಅಂದಿಗೂ ಸಾಮಾನ್ಯ ಸಂಗತಿಯಲ್ಲ. ಅದೇ ಕಾಲಕ್ಕೆ ಅದರಗುಂಚಿಯ ಶಂಕರಗೌಡ ಪಾಟೀಲರೂ ನಿರಶನ ಕೈಗೊಂಡರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ನಾಯಕರ ಸಭೆ ಸೇರಿದಾಗ ಜನಸ್ತೋಮ ರೊಚ್ಚಿಗೆದ್ದಿತು.

ಆ ವರ್ಷದ ಕೊನೆಗೆ ಫಜಲ್ ಅಲಿ ಆಯೋಗ ನೇಮಕಗೊಂಡಿತು. 1955ರಲ್ಲಿ ವರದಿ ಬಂತು. ಹಳೆಯ ಮೈಸೂರಿನಲ್ಲಿ ಆತಂಕ ಕಡಿಮೆಯಿರಲಿಲ್ಲ. ಹಿಂದುಳಿದ ಜಿಲ್ಲೆಗಳ ಹೊರೆ ತಮ್ಮ ಬೊಕ್ಕಸದ ಮೇಲೆ ಬೀಳುವುದೆಂದು ಒಂದು ಅಳುಕು, ಸದನದಲ್ಲಿ ತಮ್ಮ ಹಿಡಿತ ತಪ್ಪುವುದೆಂದು ಇನ್ನೊಂದು. ಎರಡನೆಯದು ನಿರಾಧಾರವೇನೂ ಆಗಿರಲಿಲ್ಲ. 1952ರಲ್ಲಿ 99 ಸದಸ್ಯರಿದ್ದ ಮೈಸೂರು ವಿಧಾನಸಭೆ 1957ರ ಚುನಾವಣೆಯ ಹೊತ್ತಿಗೆ 208 ಸದಸ್ಯರದಾಯಿತು. ಹಾಗಿದ್ದೂ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರ ನಿಂತರು. ಸಮಾಜವಾದಿ ಶಾಂತವೇರಿ ಗೋಪಾಲಗೌಡರೂ ದನಿಗೂಡಿಸಿದರು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯಂತೆ 1956ರ ನವೆಂಬರ್ 1ರಂದು ಈ ಭಾಗದ ಶಾಸಕರು ತಮ್ಮ ಕ್ಷೇತ್ರಗಳ ಸಮೇತ ಮುಂಬಯಿಯಿಂದ ಮೈಸೂರಿಗೆ ವರ್ಗವಾದರು. ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕು ಮಾತ್ರ ಮುಂಬಯಿಯಲ್ಲೇ ಉಳಿಯಿತು.

ನಾಡು ಒಂದಾದರೂ ಹೆಸರು ಮೈಸೂರೆಂದೇ ಉಳಿದದ್ದು ದೊಡ್ಡಮೇಟಿಯವರಿಗೆ ನುಂಗಲಾರದ ತುತ್ತಾಯಿತು. 1957ರಲ್ಲಿ ಬೆಂಗಳೂರಿನ ಸದನದಲ್ಲಿ ಕರ್ನಾಟಕ ಎಂಬ ನಾಮಕರಣಕ್ಕಾಗಿ ಗೊತ್ತುವಳಿ ತಂದರು. ಅದಕ್ಕೆ ಮನ್ನಣೆ ಸಿಗಲಿಲ್ಲ. 1972ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಜುಲೈನಲ್ಲಿ ವಿಧಾನಮಂಡಲ ಹೆಸರು ಬದಲಾವಣೆಗೆ ಒಪ್ಪಿತು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು.