ಪ್ರಮಾಣಪತ್ರವಿಲ್ಲದ ಹುಡುಗ ರಾಂಟ್‌ಜನ್

ಬಸವಾಪಟ್ಟಣದ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸದ ಎರಡನೆಯ ವಾರ. ಹತ್ತನೆಯ ತರಗತಿಗೆ ಒಬ್ಬ ವಿಜ್ಞಾನಿಯ ಜೀವನವನ್ನು ಕಥನ ಪದ್ಧತಿಯಲ್ಲಿ ಹೇಳಬೇಕಿತ್ತು. ನಾನು ವಿಲ್ಹೆಲ್ಮ್ ರಾಂಟ್‌ಜನ್ ಅವರನ್ನು ಆರಿಸಿಕೊಂಡೆ. ಎಕ್ಸ್ ಕಿರಣ ಮಕ್ಕಳ ಪೂರ್ವಜ್ಞಾನದಲ್ಲಿದೆ ಎಂದು ಪಾಠಯೋಜನೆಯಲ್ಲಿ ಕಾರಣ ಬರೆದಿದ್ದೆ. ಅಡಿಕೆ ಮರದಿಂದ ಬಿದ್ದು ಕೈಕಾಲು ಮುರಿದುಕೊಂಡವರ ಎಕ್ಸ್‌ರೇ ಹಾಳೆಯನ್ನು ಈ ಭಾಗದ ಮಕ್ಕಳು ನೋಡಿಯೇ ಇರುತ್ತಾರೆ. ಇನ್ನೊಂದು ಕಾರಣವೂ ಇತ್ತು, ಅದನ್ನು ಬರೆದಿರಲಿಲ್ಲ.

ಎಸ್ಸೆಸ್ಸೆಲ್ಸಿ ಆದ ಮೇಲೆ ನನ್ನನ್ನು ಮನೆಯವರು ಮೆಕ್ಯಾನಿಕಲ್ ಡಿಪ್ಲೊಮಾಗೆ ಸೇರಿಸಿದರು. ಮೂರು ವರ್ಷಕ್ಕೆ ಕೈಗೆ ಕೆಲಸ ಸಿಗುತ್ತದೆ ಎಂಬುದು ಅವರ ಲೆಕ್ಕ, ತಪ್ಪೇನಲ್ಲ. ಒಂದು ವರ್ಷ ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿದೆ. ಆ ಕೆಲಸ ನನಗೆ ಬೇಸರವಿರಲಿಲ್ಲ. ಆದರೆ ನನಗೆ ಭೌತಶಾಸ್ತ್ರ ಓದಬೇಕಿತ್ತು, ಮೇಷ್ಟ್ರಾಗಬೇಕಿತ್ತು. ವರ್ಷದ ಕೊನೆಗೆ ಟಿ.ಸಿ. ತೆಗೆದುಕೊಂಡು ಬಂದು, ನನಗಿಂತ ಒಂದು ವರ್ಷ ಚಿಕ್ಕವರ ಜೊತೆ ಮೊದಲ ಪಿಯುಸಿಯ ಬೆಂಚಿನಲ್ಲಿ ಕುಳಿತೆ. ಕಳೆದ ವರ್ಷ ಯಾವ ಲೆಕ್ಕಕ್ಕೂ ಬರಲಿಲ್ಲ. ನೆಂಟರು ಆಡಿದ ಮಾತು ಇಲ್ಲಿ ಬೇಡ. ರಾಂಟ್‌ಜನ್ ಕಥೆಯನ್ನು ನಾನು ಮೊದಲು ಓದಿದ್ದು ಆ ದಿನಗಳಲ್ಲೇ.

ಅವರು ಹುಟ್ಟಿದ್ದು 1845ರ ಮಾರ್ಚ್ 27ರಂದು, ಜರ್ಮನಿಯ ಲೆನೆಪ್ ಎಂಬ ಊರಿನಲ್ಲಿ. ತಂದೆ ಬಟ್ಟೆ ತಯಾರಿಸಿ ಮಾರುವವರು. ಮಗುವಿಗೆ ಮೂರು ವರ್ಷವಾದಾಗ ಕುಟುಂಬ ಹಾಲೆಂಡಿನ ಆಪೆಲ್‌ಡೋರ್ನ್‌ಗೆ ಹೋಗಿ ನೆಲೆಸಿತು. ಹುಡುಗ ಓದಿನಲ್ಲಿ ವಿಶೇಷ ಎನಿಸಿಕೊಳ್ಳಲಿಲ್ಲ. ಕಾಡು ಸುತ್ತುವುದು, ಯಂತ್ರದಂಥ ಆಟಿಕೆ ಮಾಡುವುದು ಇಷ್ಟ. 1862ರ ಹೊತ್ತಿಗೆ ಅವನನ್ನು ಉಟ್ರೆಕ್ಟ್ ಪಟ್ಟಣದ ತಾಂತ್ರಿಕ ಶಾಲೆಗೆ ಸೇರಿಸಿದರು.

ಅಲ್ಲಿ ಒಂದು ದಿನ ಯಾರೋ ಒಬ್ಬ ಹುಡುಗ ಮೇಷ್ಟ್ರ ವ್ಯಂಗ್ಯಚಿತ್ರ ಬರೆದ. ಸಿಕ್ಕಿಬಿದ್ದದ್ದು ರಾಂಟ್‌ಜನ್. ಬರೆದವನ ಹೆಸರನ್ನು ಅವನು ಹೇಳಲಿಲ್ಲ. ಶಾಲೆಯಿಂದ ಹೊರಹಾಕಿದರು.

ಈ ಭಾಗವನ್ನು ನಾನು ತರಗತಿಯಲ್ಲಿ ನಿಧಾನವಾಗಿ ಹೇಳಿದೆ. ಶಾಲೆ ತಪ್ಪಿದ್ದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ವಿಶ್ವವಿದ್ಯಾಲಯಕ್ಕೆ ಸೇರಲು ಪ್ರೌಢಶಿಕ್ಷಣ ಮುಗಿಸಿದ ಪ್ರಮಾಣಪತ್ರ ಬೇಕು, ನಮ್ಮಲ್ಲಿ ಪದವಿಗೆ ಪಿಯುಸಿ ಬೇಕಾದ ಹಾಗೆ. ಅದು ಅವನ ಕೈಯಲ್ಲಿರಲಿಲ್ಲ. 1865ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಪಾಠ ಕೇಳಲು ಕುಳಿತನಾದರೂ ಪೂರ್ಣ ವಿದ್ಯಾರ್ಥಿ ಎನಿಸಲಿಲ್ಲ. ಸ್ವಿಟ್ಜರ್ಲೆಂಡಿನ ಜೂರಿಕ್ ಪಾಲಿಟೆಕ್ನಿಕ್ ಆ ಪ್ರಮಾಣಪತ್ರಕ್ಕೆ ಪಟ್ಟು ಹಿಡಿಯುವುದಿಲ್ಲ ಎಂದು ತಿಳಿದು ಅಲ್ಲಿಗೆ ಹೋಗಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದ. 1868ರಲ್ಲಿ ಡಿಪ್ಲೊಮಾ ಪಡೆದ. ಹೆಸರು ಕೇಳಿ ನಮ್ಮ ಮೂರು ವರ್ಷದ ಡಿಪ್ಲೊಮಾ ಎಂದುಕೊಳ್ಳಬಾರದು, ಅದು ಎಂಜಿನಿಯರಿಂಗ್ ಪದವಿಗೆ ಸಮಾನವಾದದ್ದು. ಕಪ್ಪುಹಲಗೆಯ ಮೇಲೆ ಈ ವ್ಯತ್ಯಾಸ ಬರೆಯದೆ ಮುಂದೆ ಹೋಗಿದ್ದರೆ ನಾನು ಮಕ್ಕಳಿಗೆ ತಪ್ಪು ಹೇಳಿದಂತಾಗುತ್ತಿತ್ತು.

ಎಂಜಿನಿಯರ್ ಆದ ಮೇಲೆ ಅವರು ದಾರಿ ಬದಲಿಸಿದರು. ಆಗಸ್ಟ್ ಕುಂಟ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಈ ಯುವಕನನ್ನು ಪ್ರಯೋಗಾಲಯಕ್ಕೆ ಸೇರಿಸಿಕೊಂಡರು. 1869ರಲ್ಲಿ ಅನಿಲಗಳ ಬಗೆಗಿನ ಪ್ರಬಂಧಕ್ಕೆ ಜೂರಿಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಬಂತು. ಇಷ್ಟಾದರೆ ಹಳೆಯ ಕಥೆ ಮುಗಿಯಿತು ಎಂದು ಯಾರಾದರೂ ತಿಳಿದಾರು. ಮುಗಿಯಲಿಲ್ಲ. ಕುಂಟ್ ಜರ್ಮನಿಯ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋದಾಗ ರಾಂಟ್‌ಜನ್ ಸಹಾಯಕರಾಗಿ ಜೊತೆಗೆ ಹೋದರು. ಅಲ್ಲಿ ಸ್ವತಂತ್ರವಾಗಿ ಪಾಠ ಹೇಳುವ ಅರ್ಹತೆ ಕೇಳಿದರೆ, ಶಾಲೆಯ ಪ್ರಮಾಣಪತ್ರವಿಲ್ಲ ಎಂದು ನಿರಾಕರಿಸಿದರು. ಡಾಕ್ಟರೇಟ್ ಇದ್ದವರನ್ನು ಶಾಲೆಯ ಒಂದು ಹಾಳೆ ತಡೆದು ನಿಲ್ಲಿಸಿತು!

ಕುಂಟ್ ಅವರನ್ನು ಬಿಡಲಿಲ್ಲ. ಮುಂದೆ ಸ್ಟ್ರಾಸ್‌ಬರ್ಗ್‌ಗೆ ಹೋಗುವಾಗಲೂ ಕರೆದುಕೊಂಡು ಹೋದರು. ಅಲ್ಲಿ 1874ರಲ್ಲಿ ಪಾಠ ಹೇಳುವ ಅರ್ಹತೆ ದೊರೆಯಿತು. ಆಮೇಲಿನ ವರ್ಷಗಳನ್ನು ತರಗತಿಯಲ್ಲಿ ಬೇಗ ದಾಟಿಸಿದೆ: ಹೋಹೆನ್‌ಹೈಮ್ ಕೃಷಿ ಅಕಾಡೆಮಿ, ಮತ್ತೆ ಸ್ಟ್ರಾಸ್‌ಬರ್ಗ್, 1879ರಲ್ಲಿ ಗೀಸೆನ್. 1888ರಲ್ಲಿ ಎರಡು ಕಡೆಯಿಂದ ಪ್ರಾಧ್ಯಾಪಕ ಹುದ್ದೆಗೆ ಆಹ್ವಾನ ಬಂತು. ಒಂದು, ಪೂರ್ಣ ವಿದ್ಯಾರ್ಥಿಯಾಗಲು ಆಗದೆ ಅವರು ಪಾಠ ಕೇಳಿ ಬಂದಿದ್ದ ಉಟ್ರೆಕ್ಟ್. ಇನ್ನೊಂದು, ಪಾಠ ಹೇಳಬೇಡ ಎಂದಿದ್ದ ವುರ್ಟ್ಸ್‌ಬರ್ಗ್. ಅವರು ವುರ್ಟ್ಸ್‌ಬರ್ಗ್‌ಗೆ ಹೋದರು. 1894ರಲ್ಲಿ ಆ ವಿಶ್ವವಿದ್ಯಾಲಯದ ಮುಖ್ಯಸ್ಥರೂ ಆದರು.

1895ರ ನವೆಂಬರ್ 8ರ ಸಂಜೆ. ವಿದ್ಯುತ್ ಹಾಯಿಸಿದ ಗಾಜಿನ ಕೊಳವೆಯನ್ನು ಕಪ್ಪು ರಟ್ಟಿನಿಂದ ಪೂರ್ತಿ ಮುಚ್ಚಿದ್ದರು. ಬೆಳಕು ಹೊರಬರುವಂತಿರಲಿಲ್ಲ. ಆದರೂ ಸ್ವಲ್ಪ ದೂರದಲ್ಲಿದ್ದ, ಬೇರಿಯಂ ಲವಣ ಬಳಿದ ಪರದೆ ಹೊಳೆಯಿತು. ಮುಂದಿನ ವಾರಗಳಲ್ಲಿ ಅವರು ಪ್ರಯೋಗಾಲಯ ಬಿಟ್ಟು ಹೊರಬಂದದ್ದೇ ಕಡಿಮೆ. ಮರದ ಪೆಟ್ಟಿಗೆಯೊಳಗಿನ ತೂಕದ ಬೊಟ್ಟುಗಳ ಚಿತ್ರ ತೆಗೆದರು. ಡಿಸೆಂಬರ್ 22ರಂದು ಹೆಂಡತಿ ಬರ್ಥಾ ಅವರ ಕೈ ಇಟ್ಟು ತೆಗೆದ ಚಿತ್ರದಲ್ಲಿ ಬೆರಳಿನ ಮೂಳೆಗಳೂ ಉಂಗುರವೂ ಕಂಡವು. 28ರಂದು ಮೊದಲ ಲೇಖನ ಒಪ್ಪಿಸಿದರು. ಉಪಕರಣಗಳಲ್ಲಿ ಬಹಳಷ್ಟನ್ನು ಅವರು ತಾವೇ ಕೈಯಾರೆ ತಯಾರಿಸಿಕೊಳ್ಳುತ್ತಿದ್ದರು. ಇದನ್ನು ಹೇಳುವಾಗ ನನಗೆ ಅರ ಹಿಡಿದ ನನ್ನ ಆ ಒಂದು ವರ್ಷ ನೆನಪಾಯಿತು. ವಾರದ ಹಿಂದಷ್ಟೇ ಶಾಲೆಯ ತಕ್ಕಡಿಯ ಮುರಿದ ಕೊಕ್ಕೆಯನ್ನು ನಾನೇ ತಿದ್ದಿ ಕೂರಿಸಿದ್ದೆ.

1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವರಿಗೆ ಬಂತು. ಹಣವನ್ನು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೇ ಕೊಟ್ಟರು. ಕಿರಣಗಳಿಗೆ ಪೇಟೆಂಟ್ ಮಾಡಿಸಲಿಲ್ಲ. 1923ರ ಫೆಬ್ರುವರಿ 10ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು.

ಪ್ರಶ್ನೆ ಕೇಳಿ ಎಂದೆ. ಎಕ್ಸ್ ಕಿರಣದ ಬಗ್ಗೆ ಯಾರೂ ಕೇಳಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಚಿತ್ರ ಬರೆದವನು ಆಮೇಲಾದರೂ ಮುಂದೆ ಬಂದು ಒಪ್ಪಿಕೊಳ್ಳಲಿಲ್ಲವಾ ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಇನ್ನೊಬ್ಬಳು, ಅಣ್ಣನನ್ನು ಡಿಪ್ಲೊಮಾಗೆ ಹಾಕಿದ್ದಾರೆ, ಅವನಿಗೆ ಮನಸ್ಸಿಲ್ಲ, ಈಗ ಪಿಯುಸಿಗೆ ಬರಬಹುದಾ ಸರ್ ಎಂದಳು. ಬರಬಹುದು, ಆದರೆ ಮೊದಲನೆಯ ವರ್ಷದಿಂದಲೇ ಶುರು ಮಾಡಬೇಕು, ಒಂದು ವರ್ಷ ಹೋಗುತ್ತದೆ, ಮೊದಲು ಮನೆಯಲ್ಲಿ ಕೂತು ಮಾತಾಡಲಿ ಎಂದೆ. ನಾನೂ ಹಾಗೆ ಬಂದವನೇ ಎಂದು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಕಥನ ಚೆನ್ನಾಗಿದೆ, ಮೌಲ್ಯಮಾಪನದ ಹಂತ ಬಿಟ್ಟುಹೋಗಿದೆ ಎಂದು ಬರೆದು ಸಹಿ ಮಾಡಿದರು. ಆ ಹುಡುಗಿ ಮಾರನೆಯ ದಿನ ಅಣ್ಣನನ್ನೇ ಶಾಲೆಯ ಗೇಟಿನ ಹತ್ತಿರ ಕರೆತಂದಿದ್ದಳು.